ಹಳೇ ಚರ್ಚಿನ ಗೋರಿಗಳೆಲ್ಲ ಒಂದೇ ದಿಕ್ಕಿಗೆ ಯಾಕೆ?

ಪ್ರಶ್ನೆ: ನಮ್ಮ ಮೂಡಿಗೆರೆ ಕಡೆಯ ಹಳೇ ಚರ್ಚಿನ ಹಿಂದೆ ಗೋರಿಗಳೆಲ್ಲ ಒಂದೇ ದಿಕ್ಕಿಗಿವೆ. ಜಾಗ ಉಳಿಸಲು ಹಾಗೆ ಮಾಡಿದ್ದಾ?

ಜಾಗದ ಲೆಕ್ಕ ಅಲ್ಲ, ನಂಬಿಕೆ. ಕ್ರೈಸ್ತರ ಹಳೇ ಪದ್ಧತಿಯಲ್ಲಿ ತಲೆ ಪಡುವಣಕ್ಕೆ, ಕಾಲು ಮೂಡಣಕ್ಕೆ ಇಟ್ಟು ಹೂಳುತ್ತಾರೆ. ಕಡೆಯ ದಿನ ಸತ್ತವರು ಎದ್ದಾಗ ಮುಖ ಹೊತ್ತು ಹುಟ್ಟುವ ಕಡೆಗಿರಲಿ ಅಂತ. ಮಿಂಚು ಮೂಡಣದಲ್ಲಿ ಹೊಳೆದು ಪಡುವಣದವರೆಗೆ ಕಾಣುವ ಹಾಗೆ ಕ್ರಿಸ್ತ ಬರುತ್ತಾನೆ ಎಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ಆ ಗೋರಿಗಳ ಸಾಲುಗಳನ್ನು ಕಂಡಾಗೆಲ್ಲ, ಬರುವ ನೆಂಟರಿಗಾಗಿ ಪಡಸಾಲೆಯಲ್ಲಿ ಕಾದು ಕಾದು ಮಲಗಿಬಿಟ್ಟವರು ನೆನಪಾಗುತ್ತಾರೆ ನನಗೆ.

ದಿಕ್ಕಿನ ವಿಚಾರ ನಮಗೇನೂ ಹೊಸದಲ್ಲ ಅಲ್ವಾ? ಉತ್ತರಕ್ಕೆ ತಲೆ ಹಾಕಿ ಮಲಗಬೇಡ ಅಂತ ಅಜ್ಜಿ ಗದರದ ಮನೆ ಯಾವುದಿದೆ? ನಮ್ಮಲ್ಲಿ ಮುಸ್ಲಿಮರ ಗೋರಿಗಳು ಉತ್ತರ ದಕ್ಷಿಣವಾಗಿರುತ್ತವೆ, ಮುಖ ಮೆಕ್ಕಾ ಇರುವ ಪಡುವಣಕ್ಕೆ.

ಎಲ್ಲೋ ಒಂದು ಗೋರಿ ತಿರುಗಿದ್ದರೆ ಅದು ಪಾದ್ರಿಯದ್ದಿರಬಹುದು. ಎದ್ದಾಗ ತಮ್ಮ ಊರಿನ ಜನಕ್ಕೆ ಎದುರಾಗಿರಲಿ ಎಂದು ಕೆಲವು ಕಡೆ ಅವರನ್ನು ತಿರುಗಿಸಿ ಹೂಳುತ್ತಿದ್ದರು. ಇನ್ನು ಮಲೆನಾಡಿನ ಇಳಿಜಾರಿನಲ್ಲಿ ಸಾಲು ಒಂಚೂರು ಓರೆಯಾದರೆ ಅದಕ್ಕೆ ಗುಡ್ಡವೇ ಕಾರಣ.

ಅಕ್ಷರ ಓದಬೇಕಾ? ಬರಹ ಮೂಡಣಕ್ಕಿದ್ದರೆ ನಡು ಮಧ್ಯಾಹ್ನ ಹೋಗಿ. ಆಗ ಬಿಸಿಲು ಕಲ್ಲಿನ ಮೈ ಸವರಿಕೊಂಡು ಇಳಿಯುತ್ತದೆ, ಸವೆದ ಗೆರೆಗೂ ನೆರಳು ಬೀಳುತ್ತದೆ. ಹೀಗೇ ಒಮ್ಮೆ ಮೊಣಕಾಲೆತ್ತರದ ಕಲ್ಲಿನ ಮುಂದೆ ಕೂತಿದ್ದೆ. ಮಸಾಲೆಗೆ ಹಾಕುತ್ತೀವಲ್ಲ, ಅಂಥ ಕಲ್ಲುಹೂವು ಹೆಸರಿನ ಮೇಲೆಲ್ಲ ಹಬ್ಬಿತ್ತು. ಕೆಳಗಿನ ಸಾಲು ಮಾತ್ರ ನಿಧಾನಕ್ಕೆ ಕಂಡಿತು: ವಯಸ್ಸು 11 ತಿಂಗಳು. ತುಂಬಾ ಹೊತ್ತು ಏಳಲಾಗಲಿಲ್ಲ. ಆ ಕೂಸನ್ನು ಒಯ್ದದ್ದು ಚಳಿಜ್ವರ, ಅಂದರೆ ಮಲೇರಿಯಾ ಇರಬಹುದೇನೋ ಅನ್ನಿಸಿತು. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂದು ಸಾಬೀತಾಗುವ ದಾರಿ ತೆರೆದದ್ದೇ 1897ರಲ್ಲಿ. ಅದಕ್ಕೂ ಮುಂಚೆ ಕಾಫಿ ತೋಟ ಮಾಡಲು ಬಂದ ಬಿಳಿಯರಿಗೂ, ಕೂಲಿಗೆ ಬಂದವರಿಗೂ ಚಳಿಜ್ವರ ಎಲ್ಲಿಂದ ಬರುತ್ತದೆ ಅಂತಲೇ ತಿಳಿಯದು.

ಕಲ್ಲುಹೂವನ್ನು ತಂತಿ ಬ್ರಷ್‌ನಿಂದ ಕೆರೆಯಬೇಡಿ, ಆ್ಯಸಿಡ್ ಅಂತೂ ಬೇಡವೇ ಬೇಡ. ಅದರ ಜೊತೆ ಅಕ್ಷರವೂ ಕಿತ್ತುಬರುತ್ತದೆ. ಓದಲು ಓರೆಯಾಗಿ ಹಿಡಿದ ಟಾರ್ಚ್ ಸಾಕು. ನವೆಂಬರ್ 2ರ ಸಕಲ ಆತ್ಮಗಳ ದಿನಕ್ಕೆ ಮುಂಚೆ ಮನೆಯವರು ಬಂದು ಹುಲ್ಲು ಕೀಳುತ್ತಾರೆ, ಆಗ ಹೋದರೆ ಹಿರಿಯರ ಬಾಯಿಂದ ಕಥೆಗಳೂ ಸಿಗುತ್ತವೆ.

ಒಂದು ಮಾತು. ಬಡವರ ಗೋರಿಗೆ ಕಲ್ಲಿರುತ್ತಿರಲಿಲ್ಲ. ಮಣ್ಣಿನ ದಿಬ್ಬ, ಮರದ ಶಿಲುಬೆ, ಅಷ್ಟೇ. ಶಿಲುಬೆ ಗೆದ್ದಲಿಗೆ ಹೋಗಿ, ದಿಬ್ಬ ಮಳೆಗೆ ಕುಸಿದಿರುತ್ತದೆ. ಹುಲ್ಲಿನ ನಡುವೆ ಮೂಡಣ ಪಡುವಣವಾಗಿ ಆಳುದ್ದದ ತಗ್ಗು ಕಂಡರೆ ಅಲ್ಲೂ ಒಬ್ಬರು ಮಲಗಿದ್ದಾರೆ. ಸುಮ್ನೆ ಪಕ್ಕದಿಂದ ಹೋಗಿ.