ನಳದ ಬಾಯಿಗೆ ಕೂತ ಸುಣ್ಣ

ರಾಯಚೂರು ಕಡೆ ಬೋರಿನ ಸವಳು ನೀರು ಕಾಯಿಸುವ ಮನೆಯಲ್ಲಿ ಹಂಡೆಯ ತಳ ಬೆಳ್ಳಗೆ ಹಕ್ಕಳೆಗಟ್ಟಿರುತ್ತದೆ. ಅದೇ ಸುಣ್ಣ ಗೀಸರಿನೊಳಗೂ ನಳದ ಬಾಯಲ್ಲೂ ಕೂರುತ್ತದೆ. ಅಲ್ಲಿ ಕಾಣುವುದಿಲ್ಲ ಅಷ್ಟೇ.

ನೆಲಕ್ಕಿಳಿದ ಮಳೆನೀರು ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ. ಆಗ ಸುಣ್ಣದಂಶ ಬೈಕಾರ್ಬನೇಟ್ ಆಗಿ ಅದರಲ್ಲಿ ಕರಗುತ್ತದೆ. ನೀರು ಕಾದರೆ ಅನಿಲ ಹಾರಿಹೋಗಿ, ಕರಗದ ಕ್ಯಾಲ್ಸಿಯಂ ಕಾರ್ಬನೇಟ್ ಉಳಿಯುತ್ತದೆ. ಹಾಗಾಗಿ ಹಕ್ಕಳೆ ಹುಡುಕಬೇಕಾದದ್ದು ನೀರು ಕಾಯುವಲ್ಲಿ, ಇಲ್ಲವೇ ಆರುವಲ್ಲಿ.

ನಳದ ಧಾರೆ ಸಣ್ಣಗಾದರೆ ಎಷ್ಟೋ ಜನ ಮೋಟಾರನ್ನು ಬೈಯುತ್ತಾರೆ. ಪಾಪ, ಅದರ ಕೆಲಸ ಟ್ಯಾಂಕ್ ತುಂಬಿಸುವುದು. ಟ್ಯಾಂಕಿನ ನೀರು ನಳಕ್ಕಿಂತ 3 ಮೀಟರ್ ಎತ್ತರದಲ್ಲಿದ್ದರೆ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 0.3 ಕಿಲೋ. ಇಷ್ಟು ಬಡ ಒತ್ತಡಕ್ಕೆ ತುದಿಯ ಜಾಲರಿ ಅರ್ಧ ಕಟ್ಟಿದರೂ ಸಾಕು. ಜಾಲರಿ ಬಿಚ್ಚಿ ನಳ ತಿರುಗಿಸಿ: ಧಾರೆ ದಪ್ಪಗೆ ಬಂದರೆ ತಪ್ಪು ಜಾಲರಿಯದ್ದೇ. ಇಡೀ ಮನೆಯಲ್ಲಿ ನೀರು ಸಣ್ಣಗಿದ್ದರೆ ಟ್ಯಾಂಕಿನ ತಳದ ಕೆಸರು, ವಾಲ್ವ್ ನೋಡಿ.

ಜಾಲರಿ ಸುತ್ತ ಬಟ್ಟೆ ಸುತ್ತಿ ಇಕ್ಕಳದಿಂದ ತಿರುಗಿಸಿದರೆ ಕ್ರೋಮ್ ಗೀರುವುದಿಲ್ಲ. ಬಿಳಿ ವಿನೆಗರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಸಣ್ಣ ಗುಳ್ಳೆಗಳು ಏಳುತ್ತವೆ: ಸುಣ್ಣ ಕರಗಿ ಅನಿಲ ಹೊರಬೀಳುತ್ತಿದೆ. ಆಮೇಲೆ ಹಳೆ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ. ಕಕ್ಕಸು ತೊಳೆಯುವ ಆಸಿಡ್ ಬೇಡ, ಹೊಳಪೇ ಹೋಗುತ್ತದೆ; ಅದು ಬ್ಲೀಚಿಂಗ್ ಪೌಡರಿಗೆ ತಾಗಿದರೆ ವಿಷಕಾರಿ ಕ್ಲೋರಿನ್ ಏಳುತ್ತದೆ.

ಗೀಸರ್ ಕಾಯುವಾಗ ಕಟಕಟ ಸದ್ದು ಬಂದರೆ ಕಾಯಿಲ್ ಮೇಲೆ ಸುಣ್ಣ ಕೂತಿರುವ ಸಾಧ್ಯತೆ ಹೆಚ್ಚು. ತಾಮ್ರದ ನೂರನೇ ಒಂದು ಪಾಲಿನಷ್ಟೂ ಶಾಖ ಈ ಪದರದಲ್ಲಿ ದಾಟದು. ಕಾಯಿಲ್ ಒಳಗೊಳಗೇ ಕಾದು ಸುಡುತ್ತದೆ. ಥರ್ಮೋಸ್ಟಾಟ್ 55 ಡಿಗ್ರಿಗಿಟ್ಟರೆ ಹಕ್ಕಳೆ ನಿಧಾನವಾಗುತ್ತದೆ. ನಮ್ಮ ನೀರಿಗೆ ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಲೇಬೇಕು. ಆಗ ಒಳಗಿನ ಮೆಗ್ನೀಸಿಯಂ ಕಡ್ಡಿಯನ್ನೂ ನೋಡಿಸಿ. ಟ್ಯಾಂಕ್ ತುಕ್ಕು ಹಿಡಿಯದಿರಲೆಂದು ತಾನೇ ಸವೆಯುವ ಕಡ್ಡಿ ಅದು, ತೆಳ್ಳಗಾಗಿದ್ದರೆ ಬದಲಿಸಿ. ಸೇಫ್ಟಿ ವಾಲ್ವ್ ಸೋರುತ್ತದೆಂದು ಬಿರಡೆ ಹೊಡೆಯುವವರಿದ್ದಾರೆ. ಒತ್ತಡಕ್ಕೆ ದಾರಿ ಇಲ್ಲದೆ ಟ್ಯಾಂಕೇ ಸಿಡಿದೀತು.

ಮಾಳಿಗೆ ಮೇಲಿನ ಪ್ಲಾಸ್ಟಿಕ್ ಪೈಪಿಗೆ ಏಪ್ರಿಲ್–ಮೇ ಬಿಸಿಲೇ ಶತ್ರು. ನೇರಳಾತೀತ ಕಿರಣಕ್ಕೆ ಪೆಳಸಾಗಿ ಸಣ್ಣ ಏಟಿಗೂ ಒಡೆಯುತ್ತದೆ. ನೀರಿನಲ್ಲಿ ಕಲಸುವ ಬಿಳಿ ಬಣ್ಣ ಎರಡು ಕೋಟ್ ಹೊಡೆಯಿರಿ. ಥಿನ್ನರ್ ಬಣ್ಣ ಪೈಪನ್ನೇ ತಿನ್ನಬಹುದು. ಹಾಗೇ ಅಲ್ಲಿನ ಬಾಲ್ ವಾಲ್ವನ್ನು ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ತೆರೆಯಿರಿ. ವರ್ಷಗಟ್ಟಲೆ ಮುಟ್ಟದೆ ಬಿಟ್ಟದ್ದು ಸುಣ್ಣ ಕಚ್ಚಿ, ಪೈಪ್ ಒಡೆದ ದಿನವೇ ಹಿಡಿಕೆ ಮುರಿದು ಕೈಗೆ ಬರುತ್ತದೆ.