ಕಕ್ಷೆ ಮೊದಲೋ, ಗುರುತ್ವ ಮೊದಲೋ?

ಓದುಗರ ಪ್ರಶ್ನೆ: ಉಪಗ್ರಹದ ದಾರಿ ಲೆಕ್ಕ ಹಾಕಬೇಕಾದರೆ ಭೂಮಿಯ ಗುರುತ್ವ ಗೊತ್ತಿರಬೇಕು. ಆ ಗುರುತ್ವವನ್ನು ಅಳೆಯುವುದು ಉಪಗ್ರಹದ ದಾರಿ ನೋಡಿ ಅಂತಾರೆ. ಎಲ್ಲಿಂದ ಹೊರಟೆವೋ ಅಲ್ಲಿಗೇ ಬಂದಂತಾಯ್ತು, ಅಲ್ವಾ?

ಹೌದು, ಸುತ್ತಾಟವೇ. ಆದರೆ ಒಂದೊಂದು ಸುತ್ತಿಗೂ ಎರಡೂ ಉತ್ತರಗಳು ಸ್ವಲ್ಪ ಸ್ವಲ್ಪ ಸರಿಯಾಗುತ್ತಾ ಹೋಗುತ್ತವೆ.

ಶುರು ಮಾಡುವುದು ಅಂದಾಜಿನಿಂದ. ಒಂದು ಕ್ಷಣದಲ್ಲಿ ಉಪಗ್ರಹ ಎಲ್ಲಿತ್ತು, ಯಾವ ಕಡೆಗೆ ಎಷ್ಟು ವೇಗದಲ್ಲಿ ಹೋಗುತ್ತಿತ್ತು ಎಂದು ಹೇಳಲು ಆರು ಸಂಖ್ಯೆ ಸಾಕು. ಸದ್ಯಕ್ಕೆ ಗೊತ್ತಿರುವ ಗುರುತ್ವವನ್ನು ಅದಕ್ಕೆ ಸೇರಿಸಿ, ಮುಂದಿನ ಕೆಲವು ದಿನಗಳ ದಾರಿಯನ್ನು ಲೆಕ್ಕ ಹಾಕುತ್ತಾರೆ. ಆಮೇಲೆ ನೆಲದಿಂದ ಅಳೆದು ನೋಡುತ್ತಾರೆ.

ಅಳೆಯಲು ರೇಡಿಯೋ ಇದೆ. ಉಪಗ್ರಹ ಹತ್ತಿರ ಬರುವಾಗ ಅದರ ಸಿಗ್ನಲ್‌ನ ಫ್ರೀಕ್ವೆನ್ಸಿ ಏರಿದಂತೆ, ದೂರ ಹೋಗುವಾಗ ಇಳಿದಂತೆ ಕಾಣುತ್ತದೆ. 1957ರಲ್ಲಿ ಸ್ಪುಟ್ನಿಕ್ 20 ಮೆಗಾಹರ್ಟ್ಸ್‌ನಲ್ಲಿ ಬೀಪ್ ಅನ್ನುತ್ತಿದ್ದಾಗ, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಪ್ರಯೋಗಾಲಯದ ವಿಲಿಯಂ ಗೈಯರ್ ಮತ್ತು ಜಾರ್ಜ್ ವೈಫನ್‌ಬಾಕ್ ಈ ಏರಿಳಿತವನ್ನು ಹಿಡಿದೇ ಅದರ ಕಕ್ಷೆ ಕಂಡುಹಿಡಿದರು. ಲೇಸರ್ ಕೂಡ ಇದೆ. 1976ರಲ್ಲಿ ಹಾರಿಸಿದ ಲೇಜಿಯಾಸ್ ಅನ್ನುವುದು 60 ಸೆಂಟಿಮೀಟರ್ ಅಗಲದ ಲೋಹದ ಚೆಂಡು. ಮೈತುಂಬ 426 ಪ್ರತಿಫಲಕಗಳು, ಒಳಗೆ ಯಂತ್ರ ಏನೂ ಇಲ್ಲ. ನೆಲದಿಂದ ಬಿಟ್ಟ ಬೆಳಕು ಹೋಗಿ ಬರಲು ಎಷ್ಟು ಹೊತ್ತಾಯಿತು ಅಂತ ನೋಡಿದರೆ ದೂರ ಸಿಗುತ್ತದೆ.

ಲೆಕ್ಕ ಮತ್ತು ಅಳತೆ ಪೂರ್ತಿ ಹೊಂದುವುದೇ ಇಲ್ಲ. ಕೆಲಸಕ್ಕೆ ಬರುವುದು ಈ ವ್ಯತ್ಯಾಸವೇ. ಬಸ್ಸು ಒಂದು ದಿನ ತಡವಾದರೆ ಡ್ರೈವರ್ ತಡವಾಗಿ ಹೊರಟಿರಬಹುದು. ಯಾವ ಡ್ರೈವರ್ ಬಂದರೂ ದಿನಾ ಅದೇ ಎರಡು ಸ್ಟಾಪುಗಳ ನಡುವೆ ತಡವಾಗುತ್ತಿದ್ದರೆ ರಸ್ತೆ ಕೆಟ್ಟಿದೆ ಎಂದೇ ಲೆಕ್ಕ. ಹಾಗೆಯೇ, ಶುರುವಿನ ಆರು ಸಂಖ್ಯೆ ತಪ್ಪಿದ್ದರೆ ವ್ಯತ್ಯಾಸ ಒಂದು ರೀತಿ ಬೆಳೆಯುತ್ತದೆ, ಗುರುತ್ವದ ಅಂದಾಜು ತಪ್ಪಿದ್ದರೆ ಇನ್ನೊಂದು ರೀತಿ. ಸಾವಿರಾರು ಅಳತೆಗಳನ್ನು ಒಟ್ಟಿಗೆ ಇಟ್ಟು, ಒಟ್ಟು ವ್ಯತ್ಯಾಸ ಆದಷ್ಟು ಕಡಿಮೆಯಾಗುವಂತೆ ಎರಡನ್ನೂ ಒಮ್ಮೆಗೇ ತಿದ್ದುತ್ತಾರೆ. ಮತ್ತೆ ಲೆಕ್ಕ, ಮತ್ತೆ ತಿದ್ದುಪಡಿ. ಒಂದೇ ಉಪಗ್ರಹ ಸಾಲದು. ಬೇರೆ ಬೇರೆ ಎತ್ತರ, ಬೇರೆ ಬೇರೆ ಓರೆಯ ಕಕ್ಷೆಗಳು ಬೇಕು.

ಹೀಗೆ ಸಿಕ್ಕಿದ್ದೇನು? ಸಮಭಾಜಕದ ಹತ್ತಿರ ಭೂಮಿ ಉಬ್ಬಿದೆ ಅಂತ ಮೊದಲೇ ಗೊತ್ತಿತ್ತು. ಅಲ್ಲಿನ ತ್ರಿಜ್ಯ ಧ್ರುವದ್ದಕ್ಕಿಂತ 21 ಕಿಲೋಮೀಟರ್ ಜಾಸ್ತಿ. ಈ ಉಬ್ಬಿನ ಗುರುತ್ವದಿಂದಾಗಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಕಕ್ಷೆ ದಿನಕ್ಕೆ ಸುಮಾರು 5 ಡಿಗ್ರಿ ಪಶ್ಚಿಮಕ್ಕೆ ತಿರುಗುತ್ತದೆ. ಅಷ್ಟು ದೊಡ್ಡ ಪರಿಣಾಮ ತಪ್ಪಿಸಿಕೊಳ್ಳುವುದು ಕಷ್ಟ. ಒಂದೂವರೆ ಕೆಜಿಯ ವ್ಯಾನ್‌ಗಾರ್ಡ್ 1 ಉಪಗ್ರಹ ಅದಕ್ಕಿಂತ ಸಣ್ಣದನ್ನು ತೋರಿಸಿತು. ಅದರ ಕಕ್ಷೆಯ ಸಣ್ಣ ಏರಿಳಿತಗಳಿಂದ, ಭೂಮಿಯ ಉತ್ತರಾರ್ಧ ಮತ್ತು ದಕ್ಷಿಣಾರ್ಧ ಒಂದೇ ಆಕಾರದಲ್ಲಿಲ್ಲ ಎಂದು 1959ರಲ್ಲಿ ಅಮೆರಿಕದ ವಿಜ್ಞಾನಿ ಜಾನ್ ಓಕೀಫ್ ಮತ್ತು ಸಂಗಡಿಗರು ಲೆಕ್ಕ ಹಾಕಿದರು.

ನಮಗೆ ಹತ್ತಿರದ ವಿಷಯವೂ ಒಂದಿದೆ. ಸಮಭಾಜಕ ಕೂಡ ಪಕ್ಕಾ ವೃತ್ತವಲ್ಲ. ಅದರಿಂದ ಭೂಸ್ಥಿರ ಉಪಗ್ರಹಗಳು, ಅಂದರೆ ಭೂಮಿಯ ಜೊತೆಗೇ ತಿರುಗುತ್ತಾ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವಂಥವು, ಪಕ್ಕಕ್ಕೆ ಸರಿಯುತ್ತವೆ. 1963ರ ಸಿಂಕಾಮ್ 2 ಉಪಗ್ರಹ ಸರಿದದ್ದನ್ನು ನೋಡಿಯೇ ಈ ಅಂಡಾಕಾರವನ್ನು ಅಳೆದರು. ಭೂಸ್ಥಿರ ಉಪಗ್ರಹಗಳು ಯಾವ ತಾಣಗಳ ಕಡೆಗೆ ಸರಿಯುತ್ತವೋ ಆ ಎರಡರಲ್ಲಿ ಒಂದು ಪೂರ್ವ 75 ಡಿಗ್ರಿ, ಹೆಚ್ಚುಕಡಿಮೆ ನಮ್ಮ ಧಾರವಾಡದ ರೇಖಾಂಶ! 93.5 ಡಿಗ್ರಿಯಲ್ಲಿರುವ ಇಸ್ರೋ ಉಪಗ್ರಹವನ್ನು ಸುಮ್ನೆ ಬಿಟ್ಟರೆ ಈ ಕಡೆಗೇ ಹೊರಡುತ್ತದೆ. ಹಾಗಾಗದಂತೆ ಹಾಸನದ ನಿಯಂತ್ರಣ ಕೇಂದ್ರ ಆಗಾಗ ತಳ್ಳಿ ಸರಿಪಡಿಸುತ್ತದೆ. 74 ಡಿಗ್ರಿಯಲ್ಲಿರುವುದಕ್ಕೆ ಈ ಕಾಟ ಕಡಿಮೆ.

ಸುತ್ತಾಟದಲ್ಲಿ ನಿಜವಾದ ತಲೆನೋವು ಗಾಳಿ. ತಗ್ಗಿನ ಕಕ್ಷೆಯಲ್ಲಿ ಅದರ ಎಳೆತ ಗುರುತ್ವದ ಸಣ್ಣ ಪರಿಣಾಮಗಳ ಜೊತೆ ಕಲಸಿಹೋಗುತ್ತದೆ. ಅದಕ್ಕೇ 2002ರ ಗ್ರೇಸ್ ಜೋಡಿ ಉಪಗ್ರಹಗಳು ಆ ಎಳೆತವನ್ನು ತಾವೇ ಅಳೆದುಕೊಂಡು, ತಮ್ಮ ನಡುವಿನ ಸುಮಾರು 220 ಕಿಲೋಮೀಟರ್ ಅಂತರದ ಬದಲಾವಣೆಯನ್ನು ಮೈಕ್ರೋಮೀಟರ್ ಮಟ್ಟದಲ್ಲಿ ನೋಡುತ್ತಿದ್ದವು. ಅಷ್ಟು ನಿಖರವಾದ ಮೇಲೆ ಗುರುತ್ವವೇ ತಿಂಗಳಿಂದ ತಿಂಗಳಿಗೆ ಬದಲಾಗುವುದು ಕಂಡಿತು. ಮುಖ್ಯ ಕಾರಣ ನೀರು. ರಾಜಸ್ಥಾನ, ಪಂಜಾಬ್, ಹರಿಯಾಣಗಳಲ್ಲಿ 2002ರಿಂದ 2008ರ ನಡುವೆ ಸುಮಾರು 109 ಘನ ಕಿಲೋಮೀಟರ್ ಅಂತರ್ಜಲ ಖಾಲಿಯಾಗಿದೆ ಎಂಬ ಲೆಕ್ಕ ಬಂದದ್ದು ಹೀಗೆ.