ವರ್ಮಾಂಟ್‌ನ ಮೂರು ಏರಿಗಳು

ಬರಗಾಲದ ಕಾಮಗಾರಿ ಎಂದ ಕೂಡಲೇ ನಮ್ಮ ಎಂಜಿನಿಯರ್‌ಗಳ ಮುಖದಲ್ಲಿ ಒಂದು ಬಗೆಯ ನಗೆ ಮೂಡುತ್ತದೆ. ಕೂಲಿ ಕೊಡುವುದೇ ಮುಖ್ಯ, ಕೆಲಸ ಬರೀ ನೆಪ; ಈ ಬೇಸಿಗೆಯಲ್ಲಿ ಎತ್ತಿದ ಹೂಳು ಮುಂದಿನ ಮಳೆಗೆ ಮತ್ತೆ ಕೆರೆಗೇ ಇಳಿಯುತ್ತದೆ ಎನ್ನುವ ನಗೆ. ಏರಿ, ತೂಬು, ಕೋಡಿಗಳ ನಡುವೆಯೇ ವೃತ್ತಿ ಕಳೆದ ನನಗೆ ಅದು ಅಪರಿಚಿತವೇನಲ್ಲ. ಆದರೆ ಆ ನಗೆಗೆ ಸೊಪ್ಪು ಹಾಕದ ಮೂರು ಮಣ್ಣಿನ ಅಣೆಕಟ್ಟುಗಳು ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಇಂದಿಗೂ ಕೆಲಸ ಮಾಡುತ್ತಿವೆ.

ವರ್ಮಾಂಟ್ ಎಂದರೆ ಗುಡ್ಡ, ಕಾಡು, ಹೈನುಗಾರಿಕೆ, ಗ್ರಾನೈಟ್ ಗಣಿ. 1930ರಲ್ಲಿ ಇಡೀ ರಾಜ್ಯದ ಜನಸಂಖ್ಯೆ ಸುಮಾರು 3.6 ಲಕ್ಷ, ನಮ್ಮಲ್ಲಿ ದೊಡ್ಡ ತಾಲ್ಲೂಕೊಂದಕ್ಕೆ ಸಮ. 1927ರ ನವೆಂಬರ್ 3 ಮತ್ತು 4ರಂದು ಅಲ್ಲಿ ಮಳೆ ಜಡಿಯಿತು. ಅಕ್ಟೋಬರ್ ಮಳೆಗೆ ನೆಲ ಆಗಲೇ ನೆನೆದು ತೊಪ್ಪೆಯಾಗಿತ್ತು, ಬಿದ್ದ ನೀರೆಲ್ಲ ನೇರವಾಗಿ ನದಿಗೆ ಹರಿಯಿತು. ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಹಾಲಿಸ್ಟರ್ ಜಾಕ್ಸನ್ ಸೇರಿ 84 ಮಂದಿ ಸತ್ತರು, ಸಾವಿರಕ್ಕೂ ಹೆಚ್ಚು ಸೇತುವೆಗಳು ಕೊಚ್ಚಿಹೋದವು. ವಿನೂಸ್ಕಿ ನದಿಯ ಕಣಿವೆಗೆ ಬಿದ್ದ ಪೆಟ್ಟು ಎಲ್ಲಕ್ಕಿಂತ ದೊಡ್ಡದು.

ಪ್ರವಾಹದ ನಂತರ ಎಂಜಿನಿಯರ್‌ಗಳು ಕಣಿವೆಯನ್ನು ಅಳೆದು, ನೆರೆ ತಡೆಯುವ ಜಲಾಶಯಗಳನ್ನು ಕಟ್ಟಬೇಕೆಂದು ಸೂಚಿಸಿದರು. ಖರ್ಚು ನೋಡಿ ಕಡತ ಮುಚ್ಚಲಾಯಿತು. ಅಷ್ಟರಲ್ಲಿ ಆರ್ಥಿಕ ಮಹಾಕುಸಿತ ಬಂತು. 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ನಿರುದ್ಯೋಗಿ ಯುವಕರಿಗಾಗಿ ಸಿವಿಲಿಯನ್ ಕನ್ಸರ್ವೇಶನ್ ಕಾರ್ಪ್ಸ್ ಎಂಬ, ಶಿಬಿರಗಳಲ್ಲಿದ್ದು ದುಡಿಯುವ ಪಡೆ ಆರಂಭಿಸಿದರು. ತಿಂಗಳಿಗೆ 30 ಡಾಲರ್ ಸಂಬಳ, ಅದರಲ್ಲಿ ಸಾಮಾನ್ಯವಾಗಿ 25 ಡಾಲರ್ ನೇರ ಮನೆಗೆ. ಊಟ, ಬಟ್ಟೆ, ವಸತಿ ಸರ್ಕಾರದ್ದು. ಶಿಬಿರ ನಡೆಸುವುದು ಸೈನ್ಯ.

ಇಲ್ಲಿ ಅಂದಾಜು ಪಟ್ಟಿಯ ಲೆಕ್ಕವೇ ಬದಲಾಯಿತು. ಕೂಲಿಯನ್ನು ಹೇಗೂ ಪರಿಹಾರದ ಹಣದಿಂದ ಕೊಡಲೇಬೇಕಿತ್ತು. ಹಾಗಾಗಿ ನಿನ್ನೆಯವರೆಗೆ ದುಬಾರಿಯಾಗಿದ್ದ ಅಣೆಕಟ್ಟು ಇಂದು ಕೈಗೆಟುಕಿತು. ಅದರಲ್ಲೂ ಮಣ್ಣಿನ ಅಣೆಕಟ್ಟು: ಕಾಂಕ್ರೀಟಿನದಾದರೆ ಹಣದ ದೊಡ್ಡ ಪಾಲು ಸಿಮೆಂಟ್ ಕಾರ್ಖಾನೆಗೆ ಹೋಗುತ್ತದೆ, ಮಣ್ಣಿನದಾದರೆ ಅಗೆಯುವ, ಸಾಗಿಸುವ, ಹರಡುವ, ಕಲ್ಲು ಹೊದಿಸುವ ಕೈಗಳಿಗೆ ಸೇರುತ್ತದೆ. 2005ರ ನಮ್ಮ ಉದ್ಯೋಗ ಖಾತರಿ ಕಾಯ್ದೆ ಕೂಲಿ ಮತ್ತು ಸಾಮಗ್ರಿಗೆ 60:40ರ ಅನುಪಾತ ಇಟ್ಟದ್ದರ ಹಿಂದೆ ಇದೇ ವಿಚಾರವಿತ್ತು. ಆದರೆ ಅನುಪಾತದ ಬಲದಿಂದ ಏರಿ ನಿಲ್ಲುವುದಿಲ್ಲ. ನದಿಯ ಹರಿವು, ತಳದ ಬಂಡೆ, ಮಣ್ಣಿನ ಗುಣ ಮೊದಲೇ ಗೊತ್ತಿರಬೇಕು. ವಿನೂಸ್ಕಿ ಕಣಿವೆಯ ಅಧ್ಯಯನ ಹಣ ಬರುವ ಮೊದಲೇ ನಡೆದಿತ್ತು. ಪರಿಹಾರ ಕಾಮಗಾರಿಯ ಹಣೆಬರಹ ತೀರ್ಮಾನವಾಗುವುದು ಕೂಲಿಗಳ ಹಾಜರಿ ಬರೆಯುವ ಮಸ್ಟರ್ ರೋಲಿನಲ್ಲಲ್ಲ, ಅದಕ್ಕೂ ಹಿಂದಿನ ಸರ್ವೆಯಲ್ಲಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಹೀಗೆ ಈಸ್ಟ್ ಬ್ಯಾರಿ, ರೈಟ್ಸ್‌ವಿಲ್, ವಾಟರ್‌ಬರಿ ಎಂಬ ಮೂರು ಕಡೆ ಕೆಲಸ ಹಿಡಿದರು. ಸೈನ್ಯದ ಎಂಜಿನಿಯರ್‌ಗಳ ಮೇಲ್ವಿಚಾರಣೆ. ದುಡಿದವರಲ್ಲಿ ಬಹುಪಾಲು ಮಂದಿ ಯುವಕರಲ್ಲ, ಮೊದಲ ಮಹಾಯುದ್ಧದ ಮಾಜಿ ಸೈನಿಕರು. 1932ರಲ್ಲಿ ಯುದ್ಧಸೇವೆಯ ಬೋನಸ್ ಕೇಳಲು ವಾಷಿಂಗ್ಟನ್‌ಗೆ ಹೋದ ಮಾಜಿ ಸೈನಿಕರನ್ನು ಸರ್ಕಾರ ಸೈನ್ಯ ಬಿಟ್ಟೇ ಓಡಿಸಿತ್ತು. ಮರುವರ್ಷ ವಯೋಮಿತಿ ಸಡಿಲಿಸಿ ಅಂಥವರಿಗೆ ಶಿಬಿರದ ಬಾಗಿಲು ತೆರೆಯಿತು. ಹೆಂಗಸರಿಗೆ ಮಾತ್ರ ಆ ಬಾಗಿಲು ತೆರೆಯಲೇ ಇಲ್ಲ.

ಮೂರರಲ್ಲಿ ನನಗೆ ಇಷ್ಟವಾದದ್ದು ಈಸ್ಟ್ ಬ್ಯಾರಿಯದು. ಅದರ ಹಿಂದೆ ಸಾಮಾನ್ಯ ದಿನಗಳಲ್ಲಿ ನೀರು ನಿಲ್ಲುವುದೇ ಇಲ್ಲ. ಏರಿಯ ತಳದಲ್ಲಿ ಗೇಟಿಲ್ಲದ ಒಂದು ಕಂಡಿ. ಹಳ್ಳ ಅದರೊಳಗೆ ತನ್ನ ಪಾಡಿಗೆ ಹರಿಯುತ್ತದೆ. ನೆರೆ ಬಂದಾಗ ಕಂಡಿ ಬಿಡುವುದು ತನ್ನ ಅಳತೆಯಷ್ಟನ್ನೇ. ಮಿಕ್ಕ ನೀರು ಹಿಂದೆ ಏರುತ್ತದೆ, ಮಳೆ ನಿಂತ ಮೇಲೆ ನಿಧಾನವಾಗಿ ಇಳಿದುಹೋಗುತ್ತದೆ. ಗೇಟು ಎತ್ತಲು ನಡುರಾತ್ರಿ ಯಾರೂ ಓಡಬೇಕಿಲ್ಲ, ತುಕ್ಕು ಹಿಡಿದ ಸ್ಕ್ರೂ ತಿರುಗದೆ ಫಜೀತಿ ಪಡಬೇಕಿಲ್ಲ. ತೂಬಿನ ಬಾಗಿಲು ಕಚ್ಚಿಕೊಂಡಿರುವ ಕೆರೆಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಅದನ್ನು ಒಣಗಿದ ಖಾಲಿ ಕಟ್ಟೆ ಎಂದು ಬೈಯುವವರು ಇದ್ದೇ ಇರುತ್ತಾರೆ. ಆದರೆ ಆ ಖಾಲಿ ಜಾಗವೇ ಅದರ ಸಂಗ್ರಹ ಸಾಮರ್ಥ್ಯ.

ಕಾಡಿನಲ್ಲೂ ಇದೇ ಕಥೆ. ರಾಜ್ಯದ ಅರಣ್ಯಾಧಿಕಾರಿ ಪೆರ್ರಿ ಮೆರಿಲ್ ಯೋಜನೆಗಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದರಿಂದ ವರ್ಮಾಂಟ್‌ಗೆ ಮೊದಲು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಶಿಬಿರಗಳು ಬಂದವು. ಹೆದ್ದಾರಿ ಇಲಾಖೆಯಲ್ಲಿ ಕೆಲಸ ಕಳೆದುಕೊಂಡಿದ್ದ ಎಂಜಿನಿಯರ್ ಚಾರ್ಲಿ ಲಾರ್ಡ್ ಕೈಯಲ್ಲಿ ಮೆರಿಲ್ ಮ್ಯಾನ್ಸ್‌ಫೀಲ್ಡ್ ಬೆಟ್ಟದ ಮೇಲೆ ಸ್ಕೀ ಹಾದಿಗಳನ್ನು ಕಡಿಸಿದರು. ಸ್ಟೋ ಊರಿನ ಸ್ಕೀ ಪ್ರವಾಸೋದ್ಯಮಕ್ಕೆ ಅದು ತಳಹದಿಯಾಯಿತು.

ಬಂದದ್ದನ್ನೆಲ್ಲ ಅಲ್ಲಿನ ಜನ ಒಪ್ಪಿಕೊಳ್ಳಲೂ ಇಲ್ಲ. ಬೆಟ್ಟಸಾಲಿನ ಉದ್ದಕ್ಕೂ ಸುಮಾರು 260 ಮೈಲಿ ವಿಹಾರ ರಸ್ತೆ ಮಾಡುವ ಯೋಜನೆಗೆ ಕೇಂದ್ರ 1.8 ಕೋಟಿ ಡಾಲರ್ ಕೊಡಲು ಮುಂದಾಗಿತ್ತು. ರಾಜ್ಯ ಜಮೀನು ಕೊಟ್ಟರೆ ಸಾಕಿತ್ತು. 1936ರ ಮಾರ್ಚ್‌ನ ಊರಸಭೆಗಳಲ್ಲಿ ಜನ ಬೇಡವೆಂದು ಮತ ಹಾಕಿದರು. ಬೆಟ್ಟದ ಮೇಲೆ ಹೊರಗಿನವರ ಹಿಡಿತ ಬರುತ್ತದೆಂಬ ಅಂಜಿಕೆಯೂ ಇತ್ತು, ಕಾಡು ಸೀಳಿಹೋಗುತ್ತದೆಂಬ ಕಳವಳವೂ ಇತ್ತು. ನನ್ನ ಕಸುಬಿನವರಿಗೆ ಇಂಥ ತೀರ್ಪು ರುಚಿಸುವುದಿಲ್ಲ. ಆದರೂ ಪುಕ್ಕಟೆ ಹಣವನ್ನು ಓದಿ ನೋಡಿ ಹಿಂದಿರುಗಿಸಿದ ಹಳ್ಳಿಗರ ಬಗ್ಗೆ ನನಗೆ ಗೌರವವಿದೆ.

ಕಟ್ಟಿದ ಮೇಲಿನ ಮಾತೂ ಇದೆ. 1938ರಲ್ಲಿ ಮುಗಿದ, 180 ಅಡಿಗೂ ಎತ್ತರದ ವಾಟರ್‌ಬರಿ ಅಣೆಕಟ್ಟಿನಲ್ಲಿ ದಶಕಗಳ ನಂತರ ಒಸರು ಕಾಣಿಸಿತು. ಏರಿಯ ಕೆಳಗೆ ಬಂಡೆಯ ನಡುವೆ ಕಡಿದಾದ ಹಳೆಯ ಕೊರಕಲೊಂದಿದೆ. ಅಲ್ಲಿ ತುಂಬಿದ ಮಣ್ಣಿನ ಮೂಲಕ ನೀರು ದಾರಿ ಮಾಡಿಕೊಳ್ಳುತ್ತಿತ್ತು. ಒಸರು ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ, ಕದಡಿ ಬಂದರೆ ಏರಿಯೊಳಗಿನ ಮಣ್ಣು ಹೊರಟಿದೆ ಎಂದೇ ಅರ್ಥ. 2000ದ ನಂತರ ಜಲಾಶಯದ ನೀರು ಇಳಿಸಿ, ಏರಿಯ ಆಳಕ್ಕೆ ಕೊರೆದು ಕಾಂಕ್ರೀಟ್ ಗೋಡೆ ಇಳಿಸಿದರು. ಆ ಕೆಲಸಕ್ಕೆ ಬೇಕಾದದ್ದು ಗುದ್ದಲಿ ಹಿಡಿದ ಸಾವಿರಾರು ಜನರಲ್ಲ, ಭಾರಿ ಯಂತ್ರಗಳು ಮತ್ತು ಬೆರಳೆಣಿಕೆಯ ಪರಿಣತರು.

2023ರ ಜುಲೈ ಮಳೆಯಲ್ಲಿ ರೈಟ್ಸ್‌ವಿಲ್ ಜಲಾಶಯ ಇನ್ನೇನು ಕೋಡಿ ಬೀಳುತ್ತದೆ ಎನ್ನುವಷ್ಟು ತುಂಬಿತು. ಕೋಡಿ ಬೀಳಲಿಲ್ಲ. ಕೆಳಗಿನ ರಾಜಧಾನಿ ಮಾಂಟ್‌ಪೀಲಿಯರ್ ಆದರೂ ಮುಳುಗಿತು. ರೈಟ್ಸ್‌ವಿಲ್ ತಡೆಯುವುದು ವಿನೂಸ್ಕಿಯ ಉತ್ತರದ ಕವಲನ್ನು ಮಾತ್ರ, ಊರಿನ ಮೇಲ್ಭಾಗದಲ್ಲಿ ಮುಖ್ಯ ನದಿಗೆ ಅಡ್ಡಲಾಗಿ ನೆರೆ ತಡೆಯುವ ಅಣೆಕಟ್ಟಿಲ್ಲ.